ಕೈಯಲ್ಲಿ ಕೋವಿ, ಎದುರಿಗೆ ಪೊಲೀಸ್: ಬೀದಿಗಿಳಿಯಬೇಕಾ, ಕೂತು ಮಾತಾಡಬೇಕಾ?



ಇವತ್ತಿನ ಕಥೆ ಅಮೆರಿಕದ್ದು. ಆದರೆ ನಾನು ಅದನ್ನ ಹುಡುಕಿಕೊಂಡು ಹೋಗಿದ್ದು ನಮ್ಮ ಕಡೆಯ ಒಂದು ಘಟನೆಯಿಂದ. ಅಲ್ಲಿಂದಲೇ ಶುರು ಮಾಡ್ತೀನಿ.

ನಾನು ಹೈಸ್ಕೂಲ್ ಓದಿದ್ದು ದಕ್ಷಿಣ ಕೊಡಗಿನ ಒಂದು ಊರಲ್ಲಿ. ಅಪ್ಪ ಮೇಷ್ಟ್ರು, ವರ್ಗವಾಗಿ ಅಲ್ಲಿಗೆ ಬಂದವರು. ನನ್ನ ಕ್ಲಾಸ್‌ಮೇಟ್ ಒಬ್ಬನ ಮನೆಯವರದ್ದು ಕಾಫಿ ತೋಟ. ಕೈಲ್‌ಪೊಳ್ದ್ ಹಬ್ಬಕ್ಕೆ ನನ್ನನ್ನೂ ಕರೀತಿದ್ರು. ಕೋವಿಗಳನ್ನ ಒರೆಸಿ, ಹೂವಿಟ್ಟು ಪೂಜೆ ಮಾಡೋರು. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಸ್ನೇಹಿತನ ತಂದೆ ಕೋವಿ ಹೆಗಲಿಗೆ ಹಾಕ್ಕೊಂಡು ರಸ್ತೆಯಲ್ಲಿ ನಡೆದು ಹೋದರೆ, ಎದುರು ಸಿಕ್ಕ ಕಾನ್‌ಸ್ಟೆಬಲ್ ನಮಸ್ಕಾರ ಹೇಳಿ ಮುಂದೆ ಹೋಗ್ತಿದ್ರು. ನನಗೆ ಅದರಲ್ಲಿ ವಿಶೇಷ ಏನೂ ಕಂಡಿರಲಿಲ್ಲ.

ಒಂದು ದಿನ ಅದೇ ಕೋವಿಯನ್ನ ರಿಪೇರಿಗೆ ಕೊಡಲಿಕ್ಕೆ ಅಂತ ತೋಟದ ಲೈನ್ ಮನೆಯಲ್ಲಿದ್ದ ಒಬ್ಬ ಅಣ್ಣ ಎತ್ತಿಕೊಂಡು ಹೊರಟಿದ್ದ. ಜೊತೆಗೆ ನಾನೂ ಇದ್ದೆ. ಪೇಟೆಗೆ ಮುಂಚೆ ಪೊಲೀಸ್ ಜೀಪ್ ನಿಂತಿತ್ತು.

‘ಏಯ್, ಯಾರ್ದೋ ಇದು?’

‘ಸಾವ್ಕಾರ್ರದ್ದು ಸಾರ್, ರಿಪೇರಿಗೆ...’

ಮಾತು ಮುಗಿಯೋಕೆ ಮುಂಚೆ ಕೆನ್ನೆಗೆ ಏಟು ಬಿತ್ತು. ಎರಡನೆಯದೂ ಬಿತ್ತು. ಕೋವಿ ಜೀಪಿಗೆ ಹೋಯ್ತು, ಅಣ್ಣನೂ ಜೀಪಿಗೆ ಹೋದ.

ಕಾನೂನಿನ ಪ್ರಕಾರ ನೋಡಿದ್ರೆ ನಿಲ್ಲಿಸಿ ಕೇಳಿದ್ದರಲ್ಲಿ ತಪ್ಪಿಲ್ಲ. ಆ ಕೋವಿಗೆ ಲೈಸೆನ್ಸ್ ವಿನಾಯಿತಿ ಇದ್ದದ್ದು ಮಾಲೀಕರಿಗೆ, ಅಣ್ಣನಿಗಲ್ಲ. ಅವನ ಕೈಯಲ್ಲಿ ಮಾಲೀಕರು ಬರೆದುಕೊಟ್ಟ ಚೀಟಿಯೂ ಇರಲಿಲ್ಲ. ಆದರೆ ಚೀಟಿ ಇಲ್ಲ ಅನ್ನೋದಕ್ಕೆ ಕೆನ್ನೆಗೆ ಹೊಡೀಬೇಕು ಅಂತ ಯಾವ ಕಾನೂನಲ್ಲೂ ಬರೆದಿಲ್ಲ.

ಅವತ್ತು ರಾತ್ರಿ ಲೈನ್ ಮನೆಯಲ್ಲಿ ಎರಡು ಮಾತು ಬಂತು. ಕೆಲವರು ‘ನಾಳೆ ಕೆಲಸಕ್ಕೆ ಹೋಗೋದು ಬೇಡ, ಎಲ್ರೂ ಠಾಣೆ ಮುಂದೆ ಕೂರೋಣ’ ಅಂದ್ರು. ಮಾಲೀಕರು, ಒಳ್ಳೆಯ ಮನುಷ್ಯ ಅವರು, ‘ಗಲಾಟೆ ಬೇಡ, ನಾನು ಹೋಗಿ ಮಾತಾಡ್ತೀನಿ’ ಅಂದ್ರು. ಹೋದರು, ಮಾತಾಡಿದರು, ಟೀ ಕುಡಿದರು. ಮಧ್ಯಾಹ್ನದೊಳಗೆ ಅಣ್ಣ ಬಂದ, ಕೋವಿಯೂ ಬಂತು. ಆ ಎರಡು ಏಟಿನ ಬಗ್ಗೆ ಮಾತ್ರ ಠಾಣೆಯಲ್ಲಿ ಯಾರೂ ಏನೂ ಕೇಳಲಿಲ್ಲ, ಯಾರೂ ಏನೂ ಹೇಳಲಿಲ್ಲ.

ಮಾತುಕತೆ ಗೆದ್ದಿತಾ, ಸೋತಿತಾ? ಠಾಣೆ ಮುಂದೆ ಕೂತಿದ್ದರೆ ಏನಾಗ್ತಿತ್ತು? ಈ ಪ್ರಶ್ನೆ ನನ್ನ ತಲೆಯಲ್ಲಿ ವರ್ಷಗಟ್ಟಲೆ ಇತ್ತು. ಆಮೇಲೆ ಓಕ್‌ಲ್ಯಾಂಡ್ ಬಗ್ಗೆ ಓದಿದೆ.

ಓಕ್‌ಲ್ಯಾಂಡ್ ಅನ್ನೋದು ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದ ಬಂದರು ನಗರ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗು ಕಟ್ಟುವ ಕೆಲಸಕ್ಕೆ ದಕ್ಷಿಣದ ರಾಜ್ಯಗಳಿಂದ ಸಾವಿರಾರು ಕಪ್ಪುವರ್ಣೀಯರು ಅಲ್ಲಿಗೆ ಬಂದರು. ಯುದ್ಧ ಮುಗೀತು, ಕೆಲಸಗಳೂ ಕರಗಿದವು, ಜನ ಉಳಿದರು. ಪೊಲೀಸ್ ಇಲಾಖೆಯಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲರೂ ಬಿಳಿಯರೇ.

1965ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ವಾಟ್ಸ್ ಎಂಬಲ್ಲಿ, ರಸ್ತೆಯಲ್ಲಿ ಒಂದು ಕಾರು ತಡೆದ ಘಟನೆಯಿಂದ ಶುರುವಾದ ಗಲಭೆಯಲ್ಲಿ 34 ಜನ ಸತ್ತರು. ಅದಾದ ಮೇಲೆ ಅಲ್ಲಿನ ಕೆಲವರು ಒಂದು ಕೆಲಸ ಮಾಡಿದರು. ನೋಟ್‌ಬುಕ್, ಕ್ಯಾಮೆರಾ ಹಿಡಿದು ಪೊಲೀಸ್ ಕಾರುಗಳ ಹಿಂದೆ ಹೋಗೋದು, ಯಾರನ್ನಾದರೂ ನಿಲ್ಲಿಸಿದರೆ ದೂರ ನಿಂತು ಬರ್ಕೊಳ್ಳೋದು. ಅಂದ್ರೆ ಪೊಲೀಸರ ಮೇಲೇ ಜನರ ಗಸ್ತು. ಅವರ ಕೈಯಲ್ಲಿ ಆಯುಧ ಇರಲಿಲ್ಲ.

ಓಕ್‌ಲ್ಯಾಂಡ್‌ನ ಇಬ್ಬರು ಯುವಕರು ಇದನ್ನ ಗಮನಿಸಿದರು. ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್. ಇಬ್ಬರೂ ಮೆರಿಟ್ ಕಾಲೇಜಿನಲ್ಲಿ ಓದಿದವರು. ನ್ಯೂಟನ್ ಸ್ವಲ್ಪ ಕಾನೂನು ಓದಿಕೊಂಡಿದ್ದ. ಕ್ಯಾಲಿಫೋರ್ನಿಯಾ ಕಾನೂನು ಪುಸ್ತಕ ತಿರುವಿ ಹಾಕಿದಾಗ ಅವನಿಗೆ ಒಂದು ವಿಷಯ ಸಿಕ್ಕಿತು. ಗುಂಡು ತುಂಬಿದ ಬಂದೂಕನ್ನು ಬಚ್ಚಿಡದೆ, ಎಲ್ಲರಿಗೂ ಕಾಣುವಂತೆ, ಯಾರ ಕಡೆಗೂ ಗುರಿ ಹಿಡಿಯದೆ ರಸ್ತೆಯಲ್ಲಿ ಒಯ್ದರೆ ಅದು ಅಪರಾಧವಲ್ಲ. ಇದಕ್ಕೆ ಅಲ್ಲಿ ಇವತ್ತು ‘ಓಪನ್ ಕ್ಯಾರಿ’ ಅಂತಾರೆ.

1966ರ ಅಕ್ಟೋಬರ್‌ನಲ್ಲಿ ಇಬ್ಬರೂ ಸೇರಿ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ ಕಟ್ಟಿದರು. ಹತ್ತು ಅಂಶದ ಕಾರ್ಯಕ್ರಮ ಬರೆದರು. ಉದ್ಯೋಗ, ಮನೆ, ಶಿಕ್ಷಣ ಎಲ್ಲವೂ ಅದರಲ್ಲಿತ್ತು. ಏಳನೆಯ ಅಂಶ ಪೊಲೀಸ್ ದೌರ್ಜನ್ಯ ನಿಲ್ಲಬೇಕು ಅನ್ನೋದು. ಬಂದೂಕು ಕೊಳ್ಳೋಕೆ ದುಡ್ಡೆಲ್ಲಿತ್ತು? ಚೈನಾಟೌನ್‌ನಿಂದ ಮಾವೋನ ಕೆಂಪು ಪುಸ್ತಕಗಳನ್ನ ಅಗ್ಗಕ್ಕೆ ತಂದು ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಂದು ಡಾಲರ್‌ಗೆ ಮಾರಿದರು!

ಆಮೇಲೆ ಶುರುವಾಯ್ತು ಗಸ್ತು. ಕಾರಿನಲ್ಲಿ ನಾಲ್ಕೈದು ಜನ, ಕೈಯಲ್ಲಿ ಶಾಟ್‌ಗನ್, ಪಕ್ಕದಲ್ಲಿ ಕಾನೂನು ಪುಸ್ತಕ. ಪೊಲೀಸರು ಯಾರನ್ನಾದರೂ ತಡೆದರೆ ಇವರು ಇಳಿದು, ಕಾನೂನು ಹೇಳಿದಷ್ಟು ದೂರದಲ್ಲಿ ನಿಂತು ನೋಡೋರು. ಸಿಕ್ಕಿಬಿದ್ದವನಿಗೆ ಅವನ ಹಕ್ಕುಗಳೇನು ಅಂತ ಕೂಗಿ ಹೇಳೋರು. ಪೊಲೀಸರು ‘ಬಂದೂಕು ಕೊಡಿ’ ಅಂದ್ರೆ, ಯಾವ ಸೆಕ್ಷನ್ ಅಡಿಯಲ್ಲಿ ಅಂತ ಕೇಳೋರು. ಸುತ್ತ ಜನ ಸೇರೋರು. ಎಷ್ಟೋ ಜನ ತಮ್ಮ ಜೀವಮಾನದಲ್ಲಿ ಮೊದಲ ಸಲ ಪೊಲೀಸರು ಕಪ್ಪು ಯುವಕನ ಎದುರು ಉತ್ತರವಿಲ್ಲದೆ ನಿಂತದ್ದನ್ನ ನೋಡಿದರು.

ಇಲ್ಲಿ ಒಂದು ಕ್ಷಣ ನಿಲ್ಲಿ. ಆ ಗಸ್ತಿನಲ್ಲಿ ಎರಡು ವಸ್ತು ಇದ್ದವು, ಬಂದೂಕು ಮತ್ತು ಪುಸ್ತಕ. ಇವತ್ತು ಎಲ್ಲರ ನೆನಪಿನಲ್ಲಿ ಉಳಿದಿರೋದು ಬಂದೂಕು ಮಾತ್ರ. ಈ ಮಾತು ಮನಸ್ಸಲ್ಲಿರಲಿ, ಆಮೇಲೆ ಬೇಕಾಗುತ್ತೆ.

1967ರ ಏಪ್ರಿಲ್ 1. ಓಕ್‌ಲ್ಯಾಂಡ್‌ಗೆ ಹತ್ತಿರದ ನಾರ್ತ್ ರಿಚ್‌ಮಂಡ್‌ನಲ್ಲಿ ಡೆಂಜಿಲ್ ಡೌವೆಲ್ ಎಂಬ 22 ವರ್ಷದ ಕಪ್ಪು ಯುವಕ ಶೆರಿಫ್ ಇಲಾಖೆಯವರ ಗುಂಡಿಗೆ ಸತ್ತ. ಅವನ ಬಳಿ ಆಯುಧ ಇರಲಿಲ್ಲ. ವಿಚಾರಣೆ ನಡೆಸಿದವರು ಇದು ಸಮರ್ಥನೀಯ ಹತ್ಯೆ ಅಂತ ತೀರ್ಪು ಕೊಟ್ಟು ಕಡತ ಮುಚ್ಚಿದರು. ಮನೆಯವರು ಪ್ಯಾಂಥರ್‌ಗಳನ್ನ ಕರೆದರು.

ಪ್ಯಾಂಥರ್‌ಗಳು ಅಂದ್ರೆ ಬರೀ ಬಂದೂಕು ಅಂದ್ಕೊಂಡವರಿಗೆ ಗೊತ್ತಿಲ್ಲದ ಸಂಗತಿ ಇಲ್ಲಿದೆ. ಅವರು ಮೊದಲು ಮಾತುಕತೆಗೇ ಹೋದರು. ಡೌವೆಲ್ ಕುಟುಂಬದವರ ಜೊತೆ ಅಧಿಕಾರಿಗಳನ್ನ ಭೇಟಿ ಮಾಡಿದರು. ಗುಂಡು ಹಾರಿಸುವ ನಿಯಮ ಬದಲಾಗಬೇಕು ಅಂತ ಕೇಳಿದರು. ಅಲ್ಲಿ ಸಿಕ್ಕ ಉತ್ತರವನ್ನ ಪ್ಯಾಂಥರ್ ನಾಯಕರು ಮುಂದೆ ನೆನಪಿಸಿಕೊಂಡಿದ್ದಾರೆ: ನಿಯಮ ನಮ್ಮ ಕೈಯಲ್ಲಿಲ್ಲ, ಬೇಕಾದರೆ ರಾಜಧಾನಿಗೆ ಹೋಗಿ ಶಾಸನಸಭೆಯನ್ನ ಕೇಳಿ.

ಅಷ್ಟರಲ್ಲಿ ಶಾಸನಸಭೆಯೇ ಇವರನ್ನ ಹುಡುಕಿಕೊಂಡು ಬಂತು. ಡಾನ್ ಮಲ್ಫರ್ಡ್ ಎಂಬ ರಿಪಬ್ಲಿಕನ್ ಶಾಸಕ ಒಂದು ಮಸೂದೆ ಮಂಡಿಸಿದ. ಗುಂಡು ತುಂಬಿದ ಬಂದೂಕನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯುವುದು ಇನ್ನು ಮುಂದೆ ಅಪರಾಧ ಅನ್ನೋ ಮಸೂದೆ. ಗುರಿ ಯಾರು ಅನ್ನೋದು ಎಲ್ಲರಿಗೂ ಗೊತ್ತಿತ್ತು.

1967ರ ಮೇ 2ರಂದು ಬಾಬಿ ಸೀಲ್ ನೇತೃತ್ವದಲ್ಲಿ 30 ಜನ, 24 ಗಂಡಸರು ಮತ್ತು 6 ಹೆಂಗಸರು, ರಾಜಧಾನಿ ಸ್ಯಾಕ್ರಮೆಂಟೊಗೆ ಹೊರಟರು. ಹಲವರ ಕೈಯಲ್ಲಿ ಬಂದೂಕು. ವಿಧಾನಸೌಧದಂಥ ಆ ಕಟ್ಟಡದ ಹುಲ್ಲುಹಾಸಿನ ಮೇಲೆ ಗವರ್ನರ್ ರೊನಾಲ್ಡ್ ರೇಗನ್, ಹೌದು, ಮುಂದೆ ಅಧ್ಯಕ್ಷರಾದ ಅದೇ ರೇಗನ್, ಶಾಲಾ ಮಕ್ಕಳ ಜೊತೆ ಇದ್ದರು. ಕ್ಯಾಮೆರಾಗಳೆಲ್ಲ ಇತ್ತ ತಿರುಗಿದವು. ಜನಜಂಗುಳಿ, ಪತ್ರಕರ್ತರ ನೂಕುನುಗ್ಗಲು. ಅದರಲ್ಲೇ ಸಾಗಿ ಕೆಲವರು ಸದನದ ಒಳಗೇ ಕಾಲಿಟ್ಟುಬಿಟ್ಟರು.

ಸೀಲ್ ಒಂದು ಹೇಳಿಕೆ ಓದಿದ. ಪೊಲೀಸರ ಹಿಂಸೆ, ಕಪ್ಪು ಜನರನ್ನ ನಿರಾಯುಧರನ್ನಾಗಿ ಮಾಡುವ ಹುನ್ನಾರ, ವಿಯೆಟ್ನಾಂ ಯುದ್ಧ, ಅಮೆರಿಕದ ಮೂಲನಿವಾಸಿಗಳಿಗೆ ಆದ ಅನ್ಯಾಯ, ಎಲ್ಲವೂ ಅದರಲ್ಲಿತ್ತು. ಆದರೆ ದೇಶ ನೋಡಿದ್ದು ಬಂದೂಕು ಹಿಡಿದ ಕಪ್ಪು ಯುವಕರ ಫೋಟೊ. ಡೆಂಜಿಲ್ ಡೌವೆಲ್ ಯಾರು, ಅವನು ಹೇಗೆ ಸತ್ತ ಅನ್ನೋ ಪ್ರಶ್ನೆ ಆ ಫೋಟೊದ ಹಿಂದೆ ಮರೆಯಾಯಿತು.

ಅವತ್ತು ಮೊದಲು ಪೊಲೀಸರು ಬಂದೂಕು ಕಿತ್ಕೊಂಡರು, ಆಮೇಲೆ ಕಾನೂನು ಮುರಿದಿಲ್ಲ ಅಂತ ಅವರೇ ವಾಪಸ್ ಕೊಟ್ಟರು. ಊರಿಗೆ ಹೊರಟಾಗ ಬೇರೆ ಕಾರಣಗಳ ಮೇಲೆ ಬಂಧಿಸಿದರು. ಸೀಲ್ ತಿಂಗಳುಗಟ್ಟಲೆ ಜೈಲಿನಲ್ಲಿದ್ದ.

1967ರ ಜುಲೈ 28ರಂದು ರೇಗನ್ ಮಲ್ಫರ್ಡ್ ಕಾಯ್ದೆಗೆ ಸಹಿ ಹಾಕಿದರು. ಎರಡೂ ಪಕ್ಷಗಳ ಬೆಂಬಲ ಅದಕ್ಕಿತ್ತು. ಬಂದೂಕು ಹಕ್ಕಿನ ದೊಡ್ಡ ಸಂಘಟನೆ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕೂಡ ವಿರೋಧಿಸಲಿಲ್ಲ. ಇವತ್ತು ಅದೇ ಸಂಘಟನೆಯ ಹೆಸರು ಕೇಳಿದವರಿಗೆ ಇದು ನಂಬೋಕೆ ಕಷ್ಟ.

ಹಾಗಾದ್ರೆ ಪ್ರತಿಭಟನೆಯಿಂದ ಏನು ಸಿಕ್ಕಿತು? ಪೊಲೀಸರ ವರ್ತನೆ ಬದಲಾಗಲಿ ಅಂತ ಹೋದರು, ತಮ್ಮ ಕೈಯಲ್ಲಿದ್ದ ಕಾನೂನೇ ಬದಲಾಗಿ ಬಂತು. ಅಷ್ಟೇ ಅಲ್ಲ, ಆ ಕಾಯ್ದೆಯಲ್ಲಿ ಒಂದು ಸಣ್ಣ ಉಪವಿಧಿ ಇತ್ತು. ಬಂದೂಕು ಹಿಡಿದವನನ್ನ ಪೊಲೀಸರು ತಡೆದು, ಅದರಲ್ಲಿ ಗುಂಡಿದೆಯಾ ಇಲ್ಲವಾ ಅಂತ ಪರೀಕ್ಷಿಸಬಹುದು. ತೋರಿಸಲ್ಲ ಅಂದ್ರೆ ಬಂಧನಕ್ಕೆ ಅದೇ ಸಾಕು. ಈ ಉಪವಿಧಿಯನ್ನೂ ನೆನಪಿಟ್ಟುಕೊಳ್ಳಿ.

ಮುಂದಿನ ದಿನಗಳು ರಕ್ತದ ದಿನಗಳು. 1967ರ ಅಕ್ಟೋಬರ್ 28ರಂದು ನಸುಕಿನಲ್ಲಿ ನ್ಯೂಟನ್ ಇದ್ದ ಕಾರನ್ನ ಪೊಲೀಸರು ತಡೆದರು. ಗುಂಡು ಹಾರಿತು. ಜಾನ್ ಫ್ರೇ ಎಂಬ ಯುವ ಪೊಲೀಸ್ ಅಧಿಕಾರಿ ಸತ್ತ, ನ್ಯೂಟನ್ ಗಾಯಗೊಂಡ. ನ್ಯೂಟನ್‌ಗೆ ಶಿಕ್ಷೆಯಾಯಿತು, 1970ರಲ್ಲಿ ಮೇಲಿನ ನ್ಯಾಯಾಲಯ ಅದನ್ನ ರದ್ದು ಮಾಡಿತು. 1968ರ ಏಪ್ರಿಲ್ 6ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಎರಡೇ ದಿನಕ್ಕೆ, ಪೊಲೀಸರ ಜೊತೆಗಿನ ಗುಂಡಿನ ಕಾಳಗದ ಕೊನೆಯಲ್ಲಿ ಬಾಬಿ ಹಟನ್ ಸತ್ತ. ಪಾರ್ಟಿಗೆ ಮೊದಲು ಸೇರಿದ ಹುಡುಗ ಅವನು. ವಯಸ್ಸು 17. ನಮ್ಮಲ್ಲಾದರೆ ಪಿಯುಸಿ ಓದುವ ವಯಸ್ಸು. ಎರಡೂ ಕಡೆ ತಾಯಂದಿರು ಅತ್ತರು. ಬಂದೂಕು ಎರಡೂ ಕಡೆ ಇರುವಾಗ ಒಂದು ತಪ್ಪು ಮಾತಿಗೂ ಒಂದು ಹೆಣಕ್ಕೂ ನಡುವೆ ಬಹಳ ದೂರ ಇರೋದಿಲ್ಲ.

ಇಲ್ಲಿಗೇ ಕಥೆ ಮುಗಿಸಿದರೆ ‘ನೋಡಿದ್ರಾ, ಮೊದಲೇ ಸುಮ್ಮನೆ ಕೂತು ಮಾತಾಡಬೇಕಿತ್ತು’ ಅನ್ನಬಹುದು. ಆದರೆ ಅವರು ಕೂತು ಮಾತಾಡಿದ್ದರಲ್ಲ? ಮೇಜಿನ ಆಚೆ ಇದ್ದವರು ‘ನಮ್ಮ ಕೈಯಲ್ಲಿಲ್ಲ’ ಅಂದಿದ್ದರಲ್ಲ? ಹಾಗಾಗಿ ಮುಂದೆ ಏನಾಯಿತು ಅನ್ನೋದೇ ನನಗೆ ಮುಖ್ಯ.

1969ರ ಜನವರಿಯಲ್ಲಿ ಅದೇ ಪಾರ್ಟಿ ಓಕ್‌ಲ್ಯಾಂಡ್‌ನ ಒಂದು ಚರ್ಚಿನಲ್ಲಿ ಬಡಮಕ್ಕಳಿಗೆ ಉಚಿತ ಬೆಳಗಿನ ತಿಂಡಿ ಶುರು ಮಾಡಿತು. ಶಾಲೆಗೆ ಹೋಗುವ ಮೊದಲು ಮೊಟ್ಟೆ, ಬ್ರೆಡ್, ಹಾಲು. ಆಮೇಲೆ ಬೇರೆ ನಗರಗಳಿಗೂ ಹಬ್ಬಿತು. ಉಚಿತ ಕ್ಲಿನಿಕ್‌ಗಳು ಬಂದವು. 1973ರಲ್ಲಿ ಬಾಬಿ ಸೀಲ್ ಓಕ್‌ಲ್ಯಾಂಡ್ ಮೇಯರ್ ಚುನಾವಣೆಗೆ ನಿಂತ. ಗೆಲ್ಲಲಿಲ್ಲ, ಆದರೆ ಎರಡನೇ ಸ್ಥಾನಕ್ಕೆ ಬಂದು ಕೊನೆಯ ಸುತ್ತಿನವರೆಗೂ ಹೋದ. ಸಾವಿರಾರು ಹೊಸ ಮತದಾರರ ಹೆಸರು ಪಟ್ಟಿಗೆ ಸೇರಿತು. ನಾಲ್ಕು ವರ್ಷದ ನಂತರ, 1977ರಲ್ಲಿ, ನ್ಯಾಯಾಧೀಶರಾಗಿದ್ದ ಲಯನಲ್ ವಿಲ್ಸನ್ ಆ ನಗರದ ಮೊದಲ ಕಪ್ಪುವರ್ಣೀಯ ಮೇಯರ್ ಆದರು. ಪ್ಯಾಂಥರ್‌ಗಳು ಅವರ ಪರ ಕೆಲಸ ಮಾಡಿದ್ದರು.

1980ರಲ್ಲಿ ಪೊಲೀಸರ ವಿರುದ್ಧದ ದೂರು ಕೇಳೋಕೆ ನಾಗರಿಕರ ಮಂಡಳಿ ಬಂತು. ಅದಕ್ಕೂ ಹಲ್ಲು ಕಡಿಮೆ ಇತ್ತು. 2000ದಲ್ಲಿ ಓಕ್‌ಲ್ಯಾಂಡ್‌ನ ಕೆಲವು ಪೊಲೀಸರು ಸುಳ್ಳು ಸಾಕ್ಷ್ಯ ಸೃಷ್ಟಿಸಿ, ಹೊಡೆದು ಜನರನ್ನ ಸಿಕ್ಕಿಸಿದ ಆರೋಪ ಹೊರಬಂತು. ಅದನ್ನ ಹೊರಗೆ ತಂದವನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ಪೊಲೀಸ್. 119 ಜನ ಮೊಕದ್ದಮೆ ಹೂಡಿದರು. 2003ರಲ್ಲಿ ನಗರಾಡಳಿತ ಒಂದು ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಟ್ಟು, ಸುಧಾರಣೆಗಳ ಒಂದು ಒಪ್ಪಂದಕ್ಕೆ ಸಹಿ ಹಾಕಿತು. ಆ ಒಪ್ಪಂದ ಪಾಲನೆಯಾಗ್ತಿದೆಯಾ ಅಂತ ಫೆಡರಲ್ ನ್ಯಾಯಾಲಯ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೋಡುತ್ತಾ ಬಂತು. 2016ರಲ್ಲಿ ಜನ ಮತ ಹಾಕಿ, ಪೊಲೀಸರ ಮೇಲೆ ಅಧಿಕಾರವಿರುವ ನಾಗರಿಕರ ಆಯೋಗವನ್ನೇ ತಂದರು.

ಈ ಪಟ್ಟಿಯನ್ನ ನಾನು ಹೇಳಿದ್ದು ಯಾಕೆ ಗೊತ್ತಾ? ಇದರಲ್ಲಿ ಬಂದೂಕು ಎಲ್ಲೂ ಇಲ್ಲ. ಆದರೆ 1966ರ ಆ ಕಾರಿನಲ್ಲಿದ್ದ ಇನ್ನೊಂದು ವಸ್ತು ಎಲ್ಲ ಕಡೆಯೂ ಇದೆ. ಕಾನೂನು ಪುಸ್ತಕ, ಸಾಕ್ಷಿ, ಬರಹದ ದಾಖಲೆ.

ಈಗ ನಲವತ್ಮೂರು ವರ್ಷ ಮುಂದಕ್ಕೆ ಹೋಗೋಣ. 2010, ಅದೇ ಕ್ಯಾಲಿಫೋರ್ನಿಯಾ, ಅದೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ. ಈ ಸಲ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಕಾಫಿ ಅಂಗಡಿಗಳಲ್ಲಿ ಸಭೆ ಸೇರುತ್ತಿದ್ದವರು ಹೆಚ್ಚಾಗಿ ಬಿಳಿಯರು, ಬಂದೂಕು ಹಕ್ಕಿನ ಪ್ರತಿಪಾದಕರು. ಗುಂಡು ತುಂಬಿದ್ದನ್ನ ಒಯ್ಯುವಂತಿಲ್ಲ ಅಂತ ಮಲ್ಫರ್ಡ್ ಕಾಯ್ದೆ ಹೇಳುತ್ತಲ್ಲ, ಹಾಗಾದರೆ ಖಾಲಿ ಪಿಸ್ತೂಲು ಕಾಣುವಂತೆ ಇಟ್ಟುಕೊಂಡರೆ ತಪ್ಪೇನು ಅನ್ನೋದು ಅವರ ವಾದ. ಕಾನೂನಿನ ಅಕ್ಷರದ ಪ್ರಕಾರ ಅದು ಸರಿಯೇ ಇತ್ತು.

ಪೊಲೀಸರು ಏನು ಮಾಡಿದರು? 1967ರ ಆ ಸಣ್ಣ ಉಪವಿಧಿ ನೆನಪಿದೆಯಾ? ಅದನ್ನೇ ಬಳಸಿದರು. ತಡೆದರು, ಪರೀಕ್ಷಿಸಿದರು. ಪ್ಯಾಂಥರ್‌ಗಳಿಗಾಗಿ ಬರೆದ ಸಾಲು ಈಗ ಇವರ ಸೊಂಟದ ಮೇಲೆ ಕೈ ಹಾಕಿತು. ಈಸ್ಟ್ ಪಾಲೊ ಆಲ್ಟೊ ಊರಿನ ಒಬ್ಬ ಪೊಲೀಸ್ ಅಧಿಕಾರಿ, ಇಂಥವರನ್ನ ನೆಲಕ್ಕೆ ಮಲಗಿಸಿ ಬುದ್ಧಿ ಕಲಿಸಬೇಕು ಅನ್ನೋ ಧಾಟಿಯಲ್ಲಿ ಫೇಸ್‌ಬುಕ್‌ನಲ್ಲಿ ಬರೆದದ್ದು ಆಗ ದೊಡ್ಡ ಸುದ್ದಿಯಾಯಿತು.

ಆಗ ಅವರ ಮುಂದೆಯೂ ಅದೇ ಪ್ರಶ್ನೆ. ಎಲ್ಲರೂ ಪಿಸ್ತೂಲು ಸಿಕ್ಕಿಸಿಕೊಂಡು ಠಾಣೆ ಮುಂದೆ ಸೇರೋಣವಾ, ಅಥವಾ ಪೊಲೀಸ್ ಮುಖ್ಯಸ್ಥರನ್ನ ಕಂಡು, ನಿಮ್ಮ ಸಿಬ್ಬಂದಿಗೆ ಈ ಕಾನೂನು ಹೇಳಿಕೊಡಿ ಅಂತ ಕೇಳೋಣವಾ? ಹಕ್ಕು ಬಳಸದಿದ್ದರೆ ತುಕ್ಕು ಹಿಡಿಯುತ್ತೆ ಅನ್ನೋದು ಒಂದು ವಾದ. ಹೆದರಿಸಿದರೆ ಇರುವ ಹಕ್ಕೂ ಹೋಗುತ್ತೆ ಅನ್ನೋದು ಇನ್ನೊಂದು. ಎರಡನೆಯವರ ಭಯವೇ ನಿಜವಾಯಿತು. ಪೊಲೀಸ್ ಮುಖ್ಯಸ್ಥರು ಹೊಸ ಮಸೂದೆಯನ್ನ ಬೆಂಬಲಿಸಿದರು. 2011ರ ಅಕ್ಟೋಬರ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. 2012ರ ಜನವರಿ 1ರಿಂದ ಖಾಲಿ ಪಿಸ್ತೂಲನ್ನೂ ಕಾಣುವಂತೆ ಒಯ್ಯುವಂತಿಲ್ಲ ಅಂತಾಯಿತು. ಮುಂದಿನ ವರ್ಷ ಉದ್ದ ಬಂದೂಕಿಗೂ ಇದೇ ನಿಯಮ ಬಂತು.

ಆದರೆ 1967ಕ್ಕೂ 2010ಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಎರಡನೇ ಗುಂಪಿನವರು ಹಕ್ಕು ಕಳೆದುಕೊಂಡರು, ನಿಜ. ಕೆಲವರಿಗೆ ಅವಮಾನವಾಯಿತು, ಅದೂ ನಿಜ. ಆದರೆ ಅವರ ನಾಯಕರ ಮೇಲೆ ಗುಪ್ತಚರ ಕಾರ್ಯಾಚರಣೆ ನಡೆಯಲಿಲ್ಲ. ಪ್ಯಾಂಥರ್‌ಗಳ ಮೇಲೆ ಎಫ್‌ಬಿಐ ನಡೆಸಿತ್ತು. ಹಿಡಿದ ವಸ್ತು ಒಂದೇ ಜಾತಿಯದ್ದು, ಕಾನೂನಿನ ಸಾಲೂ ಒಂದೇ, ಸಿಕ್ಕ ಉಪಚಾರ ಮಾತ್ರ ಬೇರೆ.

ಟೆಕ್ಸಾಸ್‌ನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತೆ. 2015ರಲ್ಲಿ ಅಲ್ಲಿ, ಲೈಸೆನ್ಸ್ ಇರುವವರು ಪಿಸ್ತೂಲನ್ನ ಕಾಣುವಂತೆ ಒಯ್ಯಬಹುದು ಅನ್ನೋ ಕಾನೂನು ಬಂತು. ಚರ್ಚೆಯ ನಡುವೆ ಒಂದು ತಿದ್ದುಪಡಿ ಎದ್ದಿತು. ಪಿಸ್ತೂಲು ಕಾಣಿಸಿತು ಅನ್ನೋ ಒಂದೇ ಕಾರಣಕ್ಕೆ ಪೊಲೀಸರು ಯಾರನ್ನೂ ತಡೆದು ಲೈಸೆನ್ಸ್ ಕೇಳಬಾರದು. ಇದನ್ನ ತಂದವರು ಯಾರು? ಕೆಳಮನೆಯಲ್ಲಿ ಹ್ಯೂಸ್ಟನ್‌ನ ಕಪ್ಪುವರ್ಣೀಯ ಡೆಮಾಕ್ರಟ್ ಹೆರಾಲ್ಡ್ ಡಟನ್. ಮೇಲ್ಮನೆಯಲ್ಲಿ ಬಿಳಿಯ, ಕಟ್ಟಾ ಬಲಪಂಥೀಯ ರಿಪಬ್ಲಿಕನ್ ಡಾನ್ ಹಫೈನ್ಸ್. ಒಬ್ಬರಿಗೆ, ತಡೆಯುವ ಅಧಿಕಾರ ಕೊಟ್ಟರೆ ಪೊಲೀಸರು ತಡೆಯೋದು ಕಪ್ಪು ಹುಡುಗರನ್ನೇ ಅನ್ನೋ ಅನುಭವ. ಇನ್ನೊಬ್ಬರಿಗೆ, ತಪ್ಪು ಮಾಡದವನನ್ನ ಸರ್ಕಾರ ತಡೆಯಬಾರದು ಅನ್ನೋ ತತ್ವ. ಬೇರೆ ಯಾವ ವಿಷಯದಲ್ಲೂ ಒಂದಾಗದ ಇಬ್ಬರನ್ನ ಈ ಒಂದು ಸಾಲು ಸೇರಿಸಿತ್ತು. ಎರಡೂ ಸದನಗಳು ಒಪ್ಪಿದ್ದವು. ಪೊಲೀಸ್ ಸಂಘಟನೆಗಳು ವಿರೋಧಿಸಿದವು. ಕೊನೆಗೆ ಬಂದ ಕಾನೂನಿನಲ್ಲಿ ಆ ಸಾಲು ಇರಲಿಲ್ಲ.

ಕಾನೂನು ಜಾರಿಗೆ ಬಂದು ಆರು ತಿಂಗಳಾಗಿತ್ತು. 2016ರ ಜುಲೈ 7ರಂದು ಡಲ್ಲಾಸ್‌ನಲ್ಲಿ ಪೊಲೀಸ್ ಹಿಂಸೆಯ ವಿರುದ್ಧ ಶಾಂತಿಯುತ ಮೆರವಣಿಗೆ ನಡೀತಿತ್ತು. ಒಬ್ಬ ದಾಳಿಕೋರ ಪೊಲೀಸರ ಮೇಲೆ ಗುಂಡು ಹಾರಿಸಿ ಐವರನ್ನ ಕೊಂದ. ಅದೇ ಮೆರವಣಿಗೆಯಲ್ಲಿ ಕಾನೂನುಬದ್ಧವಾಗಿ ರೈಫಲ್ ಹೆಗಲಿಗೆ ಹಾಕಿಕೊಂಡಿದ್ದ ಕಪ್ಪು ಯುವಕನ ಫೋಟೊವನ್ನ ಡಲ್ಲಾಸ್ ಪೊಲೀಸರು ಶಂಕಿತ ಅಂತ ಟ್ವೀಟ್ ಮಾಡಿದರು. ಆತ ಗುಂಡಿನ ಸದ್ದು ಕೇಳಿದಾಗ ತಾನಾಗಿಯೇ ತನ್ನ ರೈಫಲನ್ನ ಒಬ್ಬ ಪೊಲೀಸ್ ಕೈಗೆ ಕೊಟ್ಟಿದ್ದ. ವಿಚಾರಣೆ ಮಾಡಿ ಬಿಟ್ಟರು. ಆದರೆ ಆ ಹೊತ್ತಿನಲ್ಲಿ ಅವನು ಯಾವುದೋ ಮೂಲೆಯಲ್ಲಿ ಗಾಬರಿಗೊಂಡ ಒಬ್ಬ ಪೊಲೀಸ್ ಕಣ್ಣಿಗೆ ಬಿದ್ದಿದ್ದರೆ?

ಕೆಲ ದಿನಗಳ ನಂತರ ಡಲ್ಲಾಸ್ ಪೊಲೀಸ್ ಮುಖ್ಯಸ್ಥ ಡೇವಿಡ್ ಬ್ರೌನ್, ಅವರೂ ಕಪ್ಪುವರ್ಣೀಯರೇ, ಬಂದೂಕು ಹಿಡಿದವರು ಅಷ್ಟು ಜನ ಇರುವಾಗ ಗುಂಡು ಹಾರಿದರೆ ಯಾರು ಒಳ್ಳೆಯವರು ಯಾರು ಕೆಟ್ಟವರು ಅಂತ ತಿಳಿಯೋದು ಕಷ್ಟ ಎಂಬರ್ಥದ ಮಾತು ಹೇಳಿದರು. ಪೊಲೀಸರ ಕಡೆಯಿಂದ ನೋಡಿದರೆ ಆ ಮಾತು ಸುಳ್ಳಲ್ಲ. ಆದರೆ ಅಂಥ ಹೊತ್ತಿನಲ್ಲಿ ಯಾರ ಮೇಲೆ ಮೊದಲು ಅನುಮಾನ ಬೀಳುತ್ತೆ ಅನ್ನೋದು ಪ್ರಶ್ನೆ.

ಈಗ ಮತ್ತೆ ಕೊಡಗಿಗೆ ಬರ್ತೀನಿ. ಕೋವಿಯ ವಿನಾಯಿತಿಗೂ ಒಂದು ಇತಿಹಾಸ ಇದೆ. 1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧ ಕಸಿದುಕೊಳ್ಳುವಾಗ, ತಮಗೆ ನಿಷ್ಠರಾಗಿದ್ದರು ಅಂತ ಕೊಡಗಿನವರನ್ನ 1861ರಲ್ಲಿ ಆ ಕಾನೂನಿನಿಂದ ಹೊರಗಿಟ್ಟರು. ಆಗ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕ್‌ಗೆ ಹೆಸರು ಬಂದದ್ದು ಅವರಿಂದಲೇ. ಸ್ವಾತಂತ್ರ್ಯದ ನಂತರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. ಕೊಡವರಿಗೆ ಕೋವಿ ಅಂದ್ರೆ ಬೆದರಿಕೆ ಅಲ್ಲ. ಹುಟ್ಟಿಗೂ ಸಾವಿಗೂ ಗುಂಡು ಹಾರಿಸುವ ಸಂಪ್ರದಾಯ ಅವರದ್ದು. ಅಲ್ಲಿನ ಪೊಲೀಸರಿಗೂ ಅದು ಗೊತ್ತು. ಅದಕ್ಕೇ ಕಾನ್‌ಸ್ಟೆಬಲ್ ನಮಸ್ಕಾರ ಹೇಳ್ತಿದ್ದದ್ದು.

ಆದರೆ ಅದೇ ರಸ್ತೆ, ಅದೇ ಕೋವಿ, ಹೆಗಲು ಮಾತ್ರ ಬೇರೆಯಾದಾಗ ಏನಾಯಿತು ಅಂತ ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಓಕ್‌ಲ್ಯಾಂಡ್ ನನಗೆ ಅರ್ಥವಾದದ್ದು ಅದರಿಂದ.

ಹಾಗಾದ್ರೆ ಪ್ರತಿಭಟನೆಯಾ, ಮಾತುಕತೆಯಾ? ನನಗೆ ಅನಿಸೋದು ಹೇಳ್ತೀನಿ, ನೀವು ಒಪ್ಪಲೇಬೇಕು ಅಂತಿಲ್ಲ. ಆಯುಧ ಹಿಡಿದು ಮಾಡುವ ಪ್ರತಿಭಟನೆಯಲ್ಲಿ ಜನ ಆಯುಧವನ್ನಷ್ಟೇ ನೋಡ್ತಾರೆ, ಮಾತು ಕೇಳಿಸಿಕೊಳ್ಳೋದಿಲ್ಲ. 1967ರಲ್ಲೂ ಅಷ್ಟೇ, 2010ರಲ್ಲೂ ಅಷ್ಟೇ. ಹಾಗಂತ ಬರೀ ಮಾತುಕತೆ ಸಾಕಾ? ಮೇಜಿನ ಮುಂದೆ ಕುರ್ಚಿ ಇರುವವರಿಗೆ ಅದು ಸಾಕು. ನಮ್ಮ ತೋಟದ ಮಾಲೀಕರಿಗೆ ಠಾಣೆಯಲ್ಲಿ ಕುರ್ಚಿ ಇತ್ತು, ಟೀ ಬಂತು. ಏಟು ತಿಂದ ಅಣ್ಣನಿಗೆ ಕುರ್ಚಿ ಇರಲಿಲ್ಲ. ಅವನ ಪರವಾಗಿ ಬೇರೆಯವರು ಮಾತಾಡಿದಾಗ, ಅವರಿಗೆ ಬೇಕಾದದ್ದು ವಾಪಸ್ ಬಂತು. ಅವನಿಗೆ ಬೇಕಾದದ್ದು ಬರಲಿಲ್ಲ.

ಓಕ್‌ಲ್ಯಾಂಡ್‌ನಲ್ಲಿ ನಿಧಾನವಾಗಿ ಕೆಲಸ ಮಾಡಿದ್ದು ಇವೆರಡರ ನಡುವಿನ ದಾರಿ. ಬೀದಿಯ ಒತ್ತಡ ಇರಬೇಕು, ಆಯುಧ ಇರಬಾರದು. ಮಾತುಕತೆ ಇರಬೇಕು, ಆದರೆ ಅದು ಟೀ ಕುಡಿದು ಮುಗಿಯಬಾರದು, ಕಾಗದದ ಮೇಲೆ ಬರಬೇಕು. ಯಾವ ದಿನ, ಎಷ್ಟು ಗಂಟೆಗೆ, ಯಾರು ಹೊಡೆದರು, ಯಾರು ನೋಡಿದರು. 119 ಜನರ ಹೆಸರು ಕಾಗದದ ಮೇಲಿದ್ದದ್ದರಿಂದ ಒಂದು ನಗರ ಸಹಿ ಹಾಕಬೇಕಾಯಿತು.

ಆವತ್ತು ಜೀಪಿನ ಪಕ್ಕ ನಿಂತಿದ್ದ ಸಾಕ್ಷಿ ನಾನು. ಹತ್ತನೇ ಕ್ಲಾಸಿನ ಹುಡುಗ, ಮೇಷ್ಟ್ರ ಮಗ, ಬರೆಯೋಕೆ ಬರ್ತಿತ್ತು. ಯಾರೂ ನನ್ನನ್ನ ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಆ ಅಣ್ಣ ಎಲ್ಲಿದ್ದಾನೋ. ಇದನ್ನ ಅವನು ಕೇಳ್ತಿದ್ರೆ: ಅಣ್ಣ, ಎರಡು ಏಟು. ನಾನು ನೋಡಿದ್ದೆ. ಅವತ್ತೇ ಹೇಳಬೇಕಿತ್ತು.

ನಿಮ್ಮ ಕಡೆಯೂ ಇಂಥ ಕಥೆ ಇದ್ದರೆ ನಮಗೆ ಬರೆದು ಕಳಿಸಿ. ದಿನ, ಹೊತ್ತು, ಜಾಗ ನೆನಪಿದ್ದಷ್ಟೂ ಬರೆಯಿರಿ.